ಗಣಕಯಂತ್ರದೊಡನೆ ಕನ್ನಡದಲ್ಲಿ ಪ್ರಶ್ನೋತ್ತರ

ಗಣಕಯಂತ್ರವು ಇಂಗ್ಲಿಷ್ ಬಲ್ಲವರ ಸೊತ್ತು, ಕನ್ನಡ ಮಾಧ್ಯಮದ ಮಕ್ಕಳಿಗೆ ಅದು ಒಗ್ಗದು ಎಂಬ ಮಾತನ್ನು ನಮ್ಮ ಗಡಿನಾಡಿನಲ್ಲಿ ಬಹಳ ಕಾಲದಿಂದ ಕೇಳುತ್ತ ಬಂದಿದ್ದೇನೆ. ನಾನು ಮುಖ್ಯೋಪಾಧ್ಯಾಯನಾಗಿದ್ದಾಗ ಮಕ್ಕಳ ಟಿ.ಸಿ. ಕೇಳಲು ಬಂದ ಹೆತ್ತವರಲ್ಲಿ ಹಲವರು ಈ ಕಾರಣವನ್ನೇ ಮುಂದಿಟ್ಟಿದ್ದುಂಟು. ನಿವೃತ್ತಿಯ ಬಿಡುವಿನಲ್ಲಿ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ಅಲ್ಪಸ್ವಲ್ಪ ಅಭ್ಯಾಸ ಮಾಡಿದ ಮೇಲೆ, ಆ ಮಾತಿನಲ್ಲಿ ಎಷ್ಟು ಹುರುಳಿದೆಯೆಂಬುದನ್ನು ನಮ್ಮ ಹಳೆಯ ವಿದ್ಯಾರ್ಥಿಗಳ ಮುಂದೆ ಇಡಬೇಕೆನಿಸಿತು.

ಪ್ರೋಗ್ರಾಮಿಂಗಿನ ಮೊದಲ ಪಾಠದಲ್ಲಿ ಇರುವುದು ಎರಡೇ ಕೆಲಸ: ಬಳಸುವವರಿಂದ ಒಂದು ಸಂಗತಿಯನ್ನು ಕೇಳಿ ಪಡೆಯುವುದು, ಉತ್ತರವನ್ನು ತೆರೆಯ ಮೇಲೆ ತೋರಿಸುವುದು. ಪೈಥಾನಿನಲ್ಲಿ ಕೇಳುವುದಕ್ಕೆ ‘ಇನ್‌ಪುಟ್’, ತೋರಿಸುವುದಕ್ಕೆ ‘ಪ್ರಿಂಟ್’. ಈ ಎರಡು ಪದಗಳನ್ನು ಇಂಗ್ಲಿಷ್ ಲಿಪಿಯಲ್ಲೇ ಬರೆಯಬೇಕು, ನಿಜ. ಆದರೆ ‘ಇನ್‌ಪುಟ್’ನ ಮುಂದೆ ಆವರಣದೊಳಗೆ, ಉದ್ಧರಣ ಚಿಹ್ನೆಗಳ ನಡುವೆ ‘ನಿನ್ನ ಹೆಸರೇನು?’ ಎಂದು ಕನ್ನಡದಲ್ಲಿ ಬರೆದರೆ ಯಂತ್ರವು ಕನ್ನಡದಲ್ಲೇ ಕೇಳುತ್ತದೆ. ಮಗುವು ಉತ್ತರ ಬರೆದು ಎಂಟರ್ ಕೀಲಿಯನ್ನು ಒತ್ತುವವರೆಗೆ ಅದು ಸುಮ್ಮನೆ ಕಾದಿರುತ್ತದೆ. ಆ ತಾಳ್ಮೆ ನಮ್ಮ ಕಾಲದ ಮಾಸ್ತರರಲ್ಲಿ ಎಲ್ಲರಿಗೂ ಇರಲಿಲ್ಲ. ಬಂದ ಉತ್ತರವನ್ನು ಇರಿಸುವ ಪಾತ್ರೆಗೂ ಒಂದು ಹೆಸರು ಬೇಕು. 2008ರಲ್ಲಿ ಬಂದ ಪೈಥಾನ್ 3ರಿಂದೀಚೆಗೆ ಆ ಪಾತ್ರೆಯನ್ನು ‘ಉತ್ತರ’ ಎಂದು ಕನ್ನಡದಲ್ಲೇ ಕರೆಯಬಹುದು. ಲೋಕದ ಲಿಪಿಗಳಲ್ಲಿನ ಅಕ್ಷರಗಳಿಗೆ ಒಂದೊಂದು ಸಂಖ್ಯೆ ಕೊಟ್ಟಿರುವ ಯೂನಿಕೋಡ್ ವ್ಯವಸ್ಥೆಯೇ ಇದಕ್ಕೆ ಆಧಾರ. ಅದರ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನ ದೊರೆತಿತ್ತು. ಕೆಲವು ಕಿಟಕಿಗಳಲ್ಲಿ ಒತ್ತಕ್ಷರಗಳು ಚೆದುರಿ ಕಾಣುವುದುಂಟು. ಅದು ತೋರಿಸುವ ತೆರೆಯ ಕುಂದು, ಒಳಗೆ ಉಳಿದ ಪದಕ್ಕೆ ಧಕ್ಕೆಯಿಲ್ಲ.

ಮಕ್ಕಳು ಎಡವುವುದು ಭಾಷೆಯಲ್ಲಲ್ಲ, ಲೆಕ್ಕದಲ್ಲಿ. ‘ಇನ್‌ಪುಟ್’ ಏನನ್ನು ಪಡೆದರೂ ಅದನ್ನು ಬರಿಯ ಅಕ್ಷರಗಳ ಸಾಲೆಂದೇ ಎಣಿಸುತ್ತದೆ. 12 ಮತ್ತು 8ನ್ನು ಕೊಟ್ಟು ಕೂಡಿಸೆಂದರೆ ತೆರೆಯ ಮೇಲೆ 128 ಮೂಡುತ್ತದೆ! ಯಂತ್ರವು ಒಂದರ ಪಕ್ಕ ಇನ್ನೊಂದನ್ನು ಜೋಡಿಸಿತಷ್ಟೆ. ಬಂದ ಉತ್ತರವನ್ನು ಮೊದಲು ‘ಇಂಟ್’ ಎಂಬುದರ ಮೂಲಕ ಪೂರ್ಣಾಂಕವಾಗಿಸಿ ಕೂಡಿಸಿದರೆ 20 ಬರುತ್ತದೆ. ಅಂಕಿಗಳ ಬದಲು ‘ಹನ್ನೆರಡು’ ಎಂದು ಅಕ್ಷರದಲ್ಲಿ ಬರೆದರೆ ಮಾತ್ರ ‘ಇಂಟ್’ ಒಪ್ಪದು. ದೋಷವೆಂದು ಸಾರಿ ಪ್ರೋಗ್ರಾಮು ನಿಂತುಬಿಡುತ್ತದೆ.

ಇಲ್ಲಿ ನನಗೆ ಅತ್ಯಂತ ಸಂತೋಷ ಕೊಟ್ಟ ಸಂಗತಿ ಬೇರೆಯೇ ಇದೆ. ಅದೇ ಪ್ರೋಗ್ರಾಮಿಗೆ ೧೨ ಮತ್ತು ೮ ಎಂದು ಕನ್ನಡ ಅಂಕಿಗಳನ್ನು ಕೊಟ್ಟು ನೋಡಿ. ‘ಇಂಟ್’ ಅವನ್ನೂ ಸಂಖ್ಯೆಗಳೆಂದೇ ಗುರುತಿಸಿ ಸರಿಯಾಗಿ ಕೂಡಿಸುತ್ತದೆ. ಬೆಲೆಪಟ್ಟಿಗಳಲ್ಲಿಯೂ ಬಸ್ಸುಗಳ ಮೇಲೂ ಅಪರೂಪವಾಗುತ್ತಿರುವ ನಮ್ಮ ಅಂಕಿಗಳನ್ನು ಯಂತ್ರವು ಮರೆತಿಲ್ಲ. ಉತ್ತರವನ್ನು ಮಾತ್ರ ‘ಪ್ರಿಂಟ್’ 20 ಎಂದೇ ತೋರಿಸುತ್ತದೆ. ಅದನ್ನು ೨೦ ಎಂದು ತೋರಿಸಬೇಕಾದರೆ ಅಂಕಿಗೆ ಅಂಕಿ ಬದಲಿಸುವ ಒಂದೆರಡು ಸಾಲುಗಳನ್ನು ನಾವೇ ಬರೆಯಬೇಕು. ಒಂಬತ್ತನೆಯ ತರಗತಿಯವರು ಒಂದು ಪೀರಿಯಡ್‌ನಲ್ಲಿ ಮಾಡಿ ಮುಗಿಸಬಹುದಾದ ಕೆಲಸವದು.