ಗೃಧ್ರಸಿ: ಕಾಲಿನ ನೋವಿಗೆ ಸೊಂಟವೇ ಮೂಲ

ಯಶವಂತಪುರದ ಮಾರುಕಟ್ಟೆಯಲ್ಲಿ ಮೂಟೆ ಹೊರುವವರು, ಯಲಹಂಕದಿಂದ ಹೆಬ್ಬಾಳದ ಮೇಲ್ಸೇತುವೆ ದಾಟಿ ನಿತ್ಯವೂ ಬಹುಹೊತ್ತು ವಾಹನದಲ್ಲಿ ಕುಳಿತು ಸಾಗುವವರು, ಮನೆಯಲ್ಲಿ ಬಾಗಿ ನೆಲ ಒರೆಸುವ ತಾಯಂದಿರು ಇವರನೇಕರಿಂದ ನಾವು ಕೇಳುವ ದೂರು ಒಂದೇ: ಸೊಂಟದಿಂದ ಪಾದದವರೆಗೆ ಮಿಂಚು ಹರಿದಂತಹ ನೋವು. ಇದನ್ನು ಇಂದಿನ ವೈದ್ಯರು ಸಯಾಟಿಕಾ ಎನ್ನುವರು. ಚರಕಸಂಹಿತೆಯು ಇದನ್ನು ‘ಗೃಧ್ರಸಿ’ ಎಂದು ಕರೆದು ವಾತವ್ಯಾಧಿಗಳಲ್ಲಿ ಎಣಿಸಿದೆ. ಗೃಧ್ರವೆಂದರೆ ರಣಹದ್ದು, ರೋಗಿಯ ನಡಿಗೆ ಆ ಪಕ್ಷಿಯದರಂತೆ ಆಗುವುದರಿಂದ ಈ ಹೆಸರೆಂದು ಹೇಳುವುದುಂಟು.

ನೋವು ಕಾಲಿನಲ್ಲಿದ್ದರೂ ಅದರ ಮೂಲ ಸಾಮಾನ್ಯವಾಗಿ ಸೊಂಟದಲ್ಲಿರುತ್ತದೆ. ಬೆನ್ನುಮೂಳೆಯ ಕೆಳಭಾಗದಿಂದ ಹೊರಡುವ 5 ನರಬೇರುಗಳು ಕೂಡಿ ದೇಹದ ಅತ್ಯಂತ ದಪ್ಪ ನರವಾಗುತ್ತದೆ. ಅದು ಪೃಷ್ಠದ ಮೂಲಕ ತೊಡೆಯ ಹಿಂಬದಿಗಿಳಿದು, ಕವಲೊಡೆದು ಪಾದವನ್ನು ಸೇರುತ್ತದೆ. ಮೂಳೆಗಳ ನಡುವೆ ಮೆತ್ತೆಯಂತಿರುವ ಡಿಸ್ಕ್ ಉಬ್ಬಿ ಈ ಬೇರುಗಳನ್ನು ಒತ್ತಿದಾಗ, ಅಥವಾ ವಯಸ್ಸಾದಂತೆ ನರ ಸಾಗುವ ದಾರಿ ಕಿರಿದಾದಾಗ, ನೋವು, ಉರಿ, ಜೋಮು ಕಾಣಿಸಿಕೊಳ್ಳುತ್ತವೆ. ಆದುದರಿಂದ ಕಾಲನ್ನಷ್ಟೇ ತಿಕ್ಕಿದರೆ ಮೂಲಕ್ಕೆ ಪರಿಹಾರ ದೊರೆಯದು.

ವಾರಗಟ್ಟಲೆ ಹಾಸಿಗೆಯಲ್ಲಿ ಮಲಗಬೇಕೆಂಬ ನಂಬಿಕೆ ಸರಿಯಲ್ಲ. ನೋವು ತೀವ್ರವಾಗಿದ್ದಾಗ ಒಂದೆರಡು ದಿನದ ವಿಶ್ರಾಂತಿ ಸಾಕು; ಅನಂತರ ಸಹಿಸುವಷ್ಟು ನಡೆದಾಡುವುದೇ ಹಿತ. ಬಹುತೇಕರಲ್ಲಿ 6ರಿಂದ 12 ವಾರಗಳಲ್ಲಿ ಶಸ್ತ್ರಚಿಕಿತ್ಸೆಯಿಲ್ಲದೆಯೇ ನೋವು ತಗ್ಗುತ್ತದೆ. ಅರ್ಧ ಗಂಟೆಗೊಮ್ಮೆ ಎದ್ದು ನಿಲ್ಲಬೇಕು. ಭಾರವನ್ನು ಮೊಣಕಾಲು ಮಡಿಸಿ, ಮೈಗೆ ಹತ್ತಿರ ಹಿಡಿದು ಎತ್ತಬೇಕು. ಮಗ್ಗುಲಾಗಿ ಮಲಗುವಾಗ ಮೊಣಕಾಲುಗಳ ನಡುವೆ ದಿಂಬಿಟ್ಟುಕೊಂಡರೆ ಸುಖವೆನಿಸುತ್ತದೆ. ಬಿಸಿ ಶಾಖವೂ ಹಿತಕರ. ಆದರೆ ಸ್ಪರ್ಶ ಕುಂದಿರುವ ಮಧುಮೇಹಿಗಳು ಸುಟ್ಟುಕೊಳ್ಳದಂತೆ ಎಚ್ಚರ ವಹಿಸಬೇಕು. ಪಶ್ಚಿಮೋತ್ತಾನಾಸನದಂತಹ ಮುಂಬಾಗುವ ಆಸನಗಳನ್ನು ನೋವಿರುವಷ್ಟು ಕಾಲ ಬಿಡುವುದು ಲೇಸು. ಪೂಜೆಗೂ ಪ್ರಸಾದಕ್ಕೂ ನೆಲದ ಮೇಲೆ ಕೂರಲಾಗದ ಭಕ್ತರು ಸಂಕೋಚಪಡದೆ ಕುರ್ಚಿಯಲ್ಲಿ ಕೂರಲಿ. ಭಕ್ತಿಗೆ ಅದರಿಂದ ಕೊರತೆಯಿಲ್ಲ.

ಒಂದು ಎಚ್ಚರಿಕೆಯನ್ನು ಮಾತ್ರ ಮರೆಯಬಾರದು. ಮೂತ್ರ ಕಟ್ಟಿದರೆ, ಮಲಮೂತ್ರಗಳ ಹಿಡಿತ ತಪ್ಪಿದರೆ, ಗುಹ್ಯಭಾಗದ ಸುತ್ತ ಸ್ಪರ್ಶಜ್ಞಾನ ಕುಂದಿದರೆ, ಪಾದವನ್ನು ಎತ್ತಲಾಗದಿದ್ದರೆ ಅಥವಾ ಎರಡೂ ಕಾಲುಗಳ ಬಲ ಕುಗ್ಗಿದರೆ ಕೂಡಲೇ ಆಸ್ಪತ್ರೆ ಸೇರಬೇಕು. ಆಗ ಬೆನ್ನು ತುಳಿಸಿಕೊಳ್ಳುವುದು, ಸೊಂಟ ಎಳೆಸಿಕೊಳ್ಳುವುದು ಸಲ್ಲದು. ಗಂಟೆಗಳ ವಿಳಂಬವೂ ನರಕ್ಕೆ ಶಾಶ್ವತ ಹಾನಿ ಮಾಡೀತು.

ಕಾಯಕಕ್ಕೆ ಕಾಯವೇ ಆಧಾರ. ಅದು ನೋವಿನ ಮೂಲಕ ಹೇಳುವ ಮಾತನ್ನು ಸಕಾಲದಲ್ಲಿ ಆಲಿಸೋಣ.