ಒಂದೇ ಮಾಸು, ಎರಡು ಜೀವ: ರಕ್ತದ ಪಾಲು ತಪ್ಪಿದರೆ?

ಅಲ್ಲಾಳಸಂದ್ರ: ಬಳ್ಳಾರಿ ರಸ್ತೆಯಲ್ಲಿ ಇವತ್ತು ವಿಮಾನ ನಿಲ್ದಾಣದ ಕಾರುಗಳು ಬುರ್ರನೆ ಓಡುತ್ತಿರಬಹುದು. ಆದರೆ ಒಂದು ಕಾಲಕ್ಕೆ ಇದು ಕೆರೆ, ಹೊಲ, ದನದ ಊರೇ. ದನ ಸಾಕಿದ ಹಳಬರನ್ನು ಕೇಳಿ ನೋಡಿ. ಹಸು ಒಂದು ಹೋರಿಗರು, ಒಂದು ಹೆಣ್ಣುಗರು ಜೊತೆಯಲ್ಲಿ ಹಾಕಿತೆನ್ನಿ, ಆ ಹೆಣ್ಣುಗರುವನ್ನು ಹಾಲಿಗೆ ನಂಬಿ ಕೂತವರು ಕೆಟ್ಟರು. ನೂರಕ್ಕೆ 90ಕ್ಕೂ ಹೆಚ್ಚು ಇಂಥ ಕಡಸುಗಳು ಗೊಡ್ಡು. ದೃಷ್ಟಿಯೂ ಅಲ್ಲ, ಶಾಪವೂ ಅಲ್ಲ. ಹೊಟ್ಟೆಯೊಳಗೆ ಎರಡು ಕರುಗಳ ಮಾಸು ಕೂಡಿಕೊಂಡು, ಹೋರಿಗರುವಿನ ರಕ್ತ ಹೆಣ್ಣುಗರುವಿಗೂ ಹರಿದು, ಅದರ ಗರ್ಭಕೋಶ ಬೆಳೆಯದಂತಾಗುತ್ತದೆ. 1916-17ರಲ್ಲಿ ಇದನ್ನು ಬಿಡಿಸಿ ಹೇಳಿದವನು ಅಮೆರಿಕದ ವಿಜ್ಞಾನಿ ಫ್ರಾಂಕ್ ಲಿಲ್ಲಿ.

ಮನುಷ್ಯರಲ್ಲಿ ಈ ಗೊಡ್ಡುತನದ ತಂಟೆ ಇಲ್ಲ. ಇಲ್ಲಿ ಒಂದೇ ಮಾಸು ಹಂಚಿಕೊಳ್ಳುವ ಅವಳಿಗಳು ಸಾಮಾನ್ಯವಾಗಿ ಒಂದೇ ಅಂಡ ಒಡೆದು ಆದವರು. ಎರಡೂ ಗಂಡು, ಇಲ್ಲವೇ ಎರಡೂ ಹೆಣ್ಣು. ಆದರೆ ಕಂಟಕ ಬರುವುದು ಜೀವಕ್ಕೇ!

ಐದು ಅವಳಿ ಬಸುರಿನಲ್ಲಿ ಸುಮಾರು ಒಂದರಲ್ಲಿ ಮಾಸು ಒಂದೇ. ಅಂಥ ಮಾಸಿನಲ್ಲಿ ಇಬ್ಬರ ರಕ್ತನಾಳಗಳು ಒಂದಕ್ಕೊಂದು ಕೂಡಿಕೊಳ್ಳದೆ ಇರುವುದೇ ಇಲ್ಲವೆನ್ನಬಹುದು. ಬಹುಪಾಲು ಕೊಡುಕೊಳ್ಳುವಿಕೆ ಸರಿತೂಗುತ್ತದೆ. ನೂರಕ್ಕೆ 10ರಿಂದ 15ರಲ್ಲಿ ತಪ್ಪುತ್ತದೆ.

ಹೇಗೆ ಅಂತೀರಾ? ‘ಸಂದ್ರ’ ಎಂದರೆ ಸಮುದ್ರ, ಅಂದರೆ ಕೆರೆ. ಕೆರೆಯ ಕೆಳಗೆ ಅಣ್ಣ ತಮ್ಮಂದಿರ ಎರಡು ಗದ್ದೆ ಇವೆ ಎನ್ನಿ. ನಡುವಿನ ಬದುವಿನ ಮೇಲ್ಗಡೆ ಒಂದು ಕಂಡಿ ಇದ್ದರೆ ನೀರು ಅತ್ತಲೂ ಇತ್ತಲೂ ಆಡಿ ಸಮವಾಗುತ್ತದೆ. ಬದುವಿನ ಬುಡದಲ್ಲಿ ಬಿಲ ಬಿದ್ದು ಒಂದೇ ಕಡೆಗೆ ಸೋರಿದರೆ ಒಂದು ಗದ್ದೆ ಒಣಗಿತು, ಇನ್ನೊಂದು ಮುಳುಗಿತು. ಮಾಸಿನಲ್ಲೂ ಹಾಗೇ. ಶುದ್ಧನಾಳಕ್ಕೆ ಶುದ್ಧನಾಳ ಮೇಲ್ಮೈಯಲ್ಲಿ ಕೂಡಿದರೆ ಅದು ಎರಡೂ ಕಡೆ ಹರಿದು ಕಾಯುತ್ತದೆ. ಆಳದಲ್ಲಿ ಒಂದು ಕೂಸಿನ ಶುದ್ಧನಾಳ ಇನ್ನೊಂದರ ಮಲಿನನಾಳಕ್ಕೆ ಸೇರಿದರೆ ಹರಿವು ಒಂದೇ ದಿಕ್ಕಿಗೆ.

ಕೊಡುವ ಕೂಸಿಗೆ ರಕ್ತ ಸಾಲದು, ಮೂತ್ರ ಸಾಲದು, ಸುತ್ತಲ ನೀರು ಬತ್ತಿ ಚೀಲ ಮೈಗೆ ಅಂಟಿಕೊಳ್ಳುತ್ತದೆ. ಪಡೆದ ಕೂಸು ಸುಖಿ ಅಂತ ತಿಳಿಯಬೇಡಿ. ಬೇಡದ ರಕ್ತ ಹೊತ್ತು ಅದರ ಗುಂಡಿಗೆ ಸೋಲುತ್ತದೆ. ಸ್ಕ್ಯಾನಿಂಗ್‌ನಲ್ಲಿ ಒಂದರ ನೀರಿನ ಆಳ 8 ಸೆಂಟಿಮೀಟರ್ ಮೀರಿ, ಇನ್ನೊಂದರದು 2ಕ್ಕಿಂತ ಇಳಿದರೆ ವೈದ್ಯರು ಎಚ್ಚರಾಗುತ್ತಾರೆ. ತೀವ್ರವಾದದ್ದನ್ನು ಹಾಗೇ ಬಿಟ್ಟರೆ ಬಹುಪಾಲು ಎರಡೂ ಉಳಿಯುವುದಿಲ್ಲ.

ಹೆರಿಗೆಯಾದ ಮೇಲೆ ಮಾಸನ್ನು ಹೂತು ಕೈ ತೊಳೆಯುವುದು ನಮ್ಮ ರೂಢಿ. ಅಂಗಡಿಯವರ ಮಾತಿನಲ್ಲಿ ಹೇಳುವುದಾದರೆ ಅದೇ ಖಾತೆ ಪುಸ್ತಕ! ಕೊಟ್ಟ ಕೂಸಿನ ಭಾಗ ಬಿಳಿಚಿಕೊಂಡು ಊದಿರುತ್ತದೆ. ಪಡೆದ ಕೂಸಿನ ಭಾಗ ಕಡುಗೆಂಪು. ಹೊಕ್ಕುಳಬಳ್ಳಿ ಮಾಸಿನ ನಡುವೆ ನಾಟದೆ ಅಂಚಿನ ಪೊರೆಗೆ ಜೋತಿರುವುದೂ ಉಂಟು. ನಾಳಗಳಿಗೆ ಬೇರೆ ಬೇರೆ ಬಣ್ಣ ಹಾಯಿಸಿದರೆ ಯಾರದು ಯಾರಿಗೆ ಹೋಯಿತೆಂಬ ಲೆಕ್ಕ ಕಣ್ಣಿಗೇ ಕಾಣುತ್ತದೆ. ಹೀಗೆ ನೋಡಿಯೇ ಹಾಲೆಂಡಿನ ಲೈಡನ್ ವೈದ್ಯರು ಇನ್ನೊಂದು ಬಗೆಯನ್ನೂ ಗುರುತಿಸಿ 2007ರಲ್ಲಿ ಹೆಸರಿಟ್ಟರು. ಅದರಲ್ಲಿ ಒಂದು ಮಿಲಿಮೀಟರಿಗೂ ಸಣ್ಣ ನಾಳದಲ್ಲಿ ರಕ್ತ ಮೆಲ್ಲಗೆ ಸೋರುತ್ತದೆ. ನೀರಿನಲ್ಲಿ ಏರುಪೇರು ಕಾಣದು. ಆದರೆ ಒಂದು ಕೂಸು ಬಿಳಿ, ಒಂದು ಕೆಂಪು.

ಮೊದಲೆಲ್ಲ ಹೆಚ್ಚಿದ ನೀರನ್ನು ಸೂಜಿಯಿಂದ ತೆಗೆಯುವುದೇ ಮದ್ದು. 1988ರಲ್ಲಿ ಅಮೆರಿಕದ ಡಾ. ಜೂಲಿಯನ್ ಡಿ ಲಿಯಾ ಗರ್ಭದೊಳಗೇ ಸಣ್ಣ ದುರ್ಬೀನು ಇಳಿಸಿ, ಲೇಸರ್ ಕಿರಣದಿಂದ ಆ ನಾಳಗಳನ್ನು ಸುಟ್ಟು ಮುಚ್ಚಿದರು. 2004ರಲ್ಲಿ ಯೂರೋಪಿನ ವೈದ್ಯರು ಎರಡನ್ನೂ ಹೋಲಿಸಿದಾಗ, ಒಂದು ಮಗುವಾದರೂ ಉಳಿದದ್ದು ನೀರು ತೆಗೆದವರಲ್ಲಿ ನೂರಕ್ಕೆ 56, ಲೇಸರ್ ಮಾಡಿಸಿಕೊಂಡವರಲ್ಲಿ 76. ಇವತ್ತು ಬೆಂಗಳೂರಿನಲ್ಲೇ ಈ ಚಿಕಿತ್ಸೆ ಉಂಟು.

ಆದರೆ ಹೊತ್ತಿಗೆ ಹೋಗಬೇಕಲ್ಲ ಸ್ವಾಮಿ! ಮಾಸು ಒಂದೋ ಎರಡೋ ಎಂದು ಚೆನ್ನಾಗಿ ತಿಳಿಯುವುದು 11ರಿಂದ 14ನೇ ವಾರದಲ್ಲಿ. ಒಂದೇ ಎಂದಾದರೆ 16ನೇ ವಾರದಿಂದ ಹದಿನೈದು ದಿನಕ್ಕೊಮ್ಮೆ ಸ್ಕ್ಯಾನಿಂಗ್. ಸೀಮಂತ ಮುಗಿಸಿ ನಿಧಾನವಾಗಿ ಡಾಕ್ಟರ ಬಳಿ ಹೋಗುವವರಿಗೆ ಈ ಅವಕಾಶ ತಪ್ಪಿಹೋಗಿರುತ್ತದೆ. ಗಂಡೋ ಹೆಣ್ಣೋ ಎಂದು ಕೇಳುವಂತಿಲ್ಲ, 1994ರ ಕಾನೂನು ಅಡ್ಡ ಇದೆ. ಮಾಸು ಎಷ್ಟು ಎಂದು ಕೇಳುವುದಕ್ಕೆ ಯಾವ ಕಾನೂನೂ ಅಡ್ಡಿಯಿಲ್ಲ, ಕೇಳುವವರೇ ಕಡಿಮೆ.

ನಾಲ್ಕೈದು ದಿನದಲ್ಲಿ ಹೊಟ್ಟೆ ಗಕ್ಕನೆ ಊದಿ ಬಿಗಿದು, ಮಲಗಿದರೆ ಉಸಿರು ಕಟ್ಟಿದರೆ, “ಅವಳಿ ಅಂದ್ಮೇಲೆ ಹೊಟ್ಟೆ ದೊಡ್ಡದಾಗ್ದೆ ಇರುತ್ತೇನೇ?” ಎಂದು ಮನೆಯ ಹಿರಿಯರು ಸಮಾಧಾನ ಹೇಳುವುದುಂಟು. ಅಂದೇ ಆಸ್ಪತ್ರೆಗೆ ಹೊರಡಬೇಕು. ಹೆರಿಗೆಗೆ ತವರಿಗೆ ಹೋಗುವವರು, ಮಾಸು ಒಂದೇ ಎಂದು ಬರೆದ ಸ್ಕ್ಯಾನಿಂಗ್ ಚೀಟಿಯನ್ನು ಸೀರೆಗಳ ಜೊತೆ ಪೆಟ್ಟಿಗೆಗೆ ಹಾಕಿಕೊಂಡೇ ಬಸ್ಸು ಹತ್ತಬೇಕು. ಅಲ್ಲಿನ ಡಾಕ್ಟರಿಗೆ ಮೊದಲು ಬೇಕಾದದ್ದು ಅದೇ.