ಮುಕ್ಕಣ್ಣನಿಗೆ ಸಿಟ್ಟು ಬಂತು: ಕಾಯಿಲೆ ಬಿದ್ದ ಇಗ್ವಾನಾ ಮತ್ತು ಕಿಟಕಿ ಗಾಜಿನ ಬಿಸಿಲು

ವಿಡಿಯೋದಲ್ಲಿ ಆಡಿದ ಮಾತನ್ನೇ ಸ್ವಲ್ಪ ತಿದ್ದಿ ಇಲ್ಲಿ ಬರೆದಿದ್ದೇನೆ.

"ನಮ್ಮ ಮನೆ ಇಗ್ವಾನಾ ಎಷ್ಟು ಸಾಧು ಗೊತ್ತಾ, ಎತ್ತಿಕೊಂಡರೆ ಸುಮ್ಮನಿರುತ್ತೆ, ತೊಡೆ ಮೇಲೆ ಕಣ್ಣು ಮುಚ್ಚಿ ಮಲಗುತ್ತೆ" ಅಂತ ಯಾರಾದರೂ ಖುಷಿಯಿಂದ ಹೇಳಿದರೆ ನಾನು ಮೊದಲು ಕೇಳೋದು ಒಂದೇ ಪ್ರಶ್ನೆ. ಅದರ ದವಡೆ ಗಟ್ಟಿ ಇದೆಯಾ?

ಬದಲಾಪುರದ ನಮ್ಮ ಫ್ಲ್ಯಾಟಿಗೆ ಬಂದಾಗ ಮುಕ್ಕಣ್ಣನೂ ಹಾಗೇ ಸಾಧು. ಐರೋಲಿ ಆಫೀಸಿನ ಗೆಳೆಯನೊಬ್ಬ ಆನ್‌ಸೈಟ್‌ಗೆ ಹೊರಟಾಗ, ಎರಡು ವರ್ಷದ ಈ ಹಸಿರು ಇಗ್ವಾನಾವನ್ನ ಗಾಜಿನ ಪೆಟ್ಟಿಗೆ ಸಮೇತ ನಮಗೆ ಕೊಟ್ಟ. ಕೆಟ್ಟದಾಗಿ ನೋಡಿಕೊಂಡಿದ್ದ ಅಂತಲ್ಲ. ಪೆಟ್ಟಿಗೆ ಸ್ವಚ್ಛ, ಒಳಗೊಂದು ಬಲ್ಬು, ದಿನಾ ಪಾಲಕ್ ಸೊಪ್ಪು. ಅಂಗಡಿಯವನು ಅವನಿಗೆ ಹೇಳಿದ್ದೇ ಅಷ್ಟು. ಆದರೆ ಕೆಳದವಡೆ ಎರಡೂ ಕಡೆ ಉಬ್ಬಿತ್ತು, ಮೆಲ್ಲಗೆ ಮುಟ್ಟಿದರೆ ರಬ್ಬರಿನ ಹಾಗೆ ಬಾಗುತ್ತಿತ್ತು. ತೊಡೆ ದಪ್ಪ, ನೋಡಿದವರಿಗೆ ಮೈ ಕೈ ತುಂಬಿಕೊಂಡಿದೆ ಅನ್ನಿಸಬೇಕು. ಮುಂಗಾಲಿನ ಬೆರಳು ಆಗಾಗ ಸಣ್ಣಗೆ ನಡುಗುತ್ತಿದ್ದವು. ನಡೆಯುವಾಗ ಹೊಟ್ಟೆ ನೆಲ ಸವರುತ್ತಿತ್ತು. ಮುಂಬೈಯಲ್ಲಿ ಸರೀಸೃಪಗಳನ್ನ ನೋಡುವ ವೈದ್ಯರೊಬ್ಬರು ಎಕ್ಸ್‌ರೇ ತೆಗೆದು ತೋರಿಸಿದರು. ಮೂಳೆ ಎಲ್ಲಿ ಮುಗಿದು ಮಾಂಸ ಎಲ್ಲಿ ಶುರು ಅನ್ನೋದೇ ಕಾಣ್ತಿರಲಿಲ್ಲ. "ಒಂದು ತಿಂಗಳು ನೋಡೋಣ. ಆಮೇಲೂ ತಾನಾಗಿ ತಿನ್ನದಿದ್ದರೆ ನೋವಿಲ್ಲದೆ ಕಳಿಸಿಕೊಡುವ ವಿಚಾರ ಮಾತಾಡೋಣ" ಅಂದರು. ಇದನ್ನ ಕೇಳಿದ ಪರಿಚಿತರೊಬ್ಬರು, "ಅಷ್ಟು ಖರ್ಚು ಮಾಡೋ ಬದಲು ಹೊಸದೇ ತರಬಹುದಲ್ಲಾ" ಅಂದರು. ಉತ್ತರ ಕೊಡೋಕೆ ಹೋಗಲಿಲ್ಲ.

ಕಾಯಿಲೆಯ ಹೆಸರು ಮೆಟಬಾಲಿಕ್ ಬೋನ್ ಡಿಸೀಸ್. ಸಾಕಿದ ಹಲ್ಲಿಜಾತಿಗಳಿಗೆ ಬರುವ ತುಂಬಾ ಸಾಮಾನ್ಯವಾದ ಕಾಯಿಲೆ. ಇದು ಸೋಂಕಲ್ಲ, ಮನೆಯ ಏರ್ಪಾಟಿನಿಂದಲೇ ಬರುವಂಥದ್ದು. ನಡೆಯೋದು ಹೀಗೆ. ಚರ್ಮದಲ್ಲಿ ಕೊಲೆಸ್ಟ್ರಾಲ್‌ಗೆ ಹತ್ತಿರದ ಒಂದು ವಸ್ತು ಇರುತ್ತೆ. ಸೂರ್ಯನ ಬೆಳಕಿನ ಯುವಿಬಿ, ಅಂದರೆ ಸುಮಾರು 290ರಿಂದ 315 ನ್ಯಾನೋಮೀಟರ್ ಅಲೆ, ಅದಕ್ಕೆ ಬಿದ್ದರೆ ಅದು ಡಿ3 ವಿಟಮಿನ್ನಿನ ಹಿಂದಿನ ರೂಪಕ್ಕೆ ತಿರುಗುತ್ತೆ. ಮೈ ಬೆಚ್ಚಗಿದ್ದರೆ ಅದು ಡಿ3 ಆಗುತ್ತೆ. ಆಮೇಲೆ ಯಕೃತ್ತು ಒಂದು ಬದಲಾವಣೆ ಮಾಡುತ್ತೆ, ಮೂತ್ರಪಿಂಡ ಇನ್ನೊಂದು. ಆ ಕೊನೆಯ ರೂಪ ಇದ್ದರೆ ಮಾತ್ರ ಕರುಳು ಊಟದಿಂದ ಕ್ಯಾಲ್ಸಿಯಂ ಎಳೆದುಕೊಳ್ಳುತ್ತೆ. ಯುವಿಬಿ ಇಲ್ಲ ಅಂದರೆ ಈ ಸರಪಳಿಯ ಮೊದಲ ಕೊಂಡಿಯೇ ಇಲ್ಲ. ಆದರೆ ಹೃದಯ, ಸ್ನಾಯು, ನರ ಇವಕ್ಕೆಲ್ಲ ರಕ್ತದಲ್ಲಿ ಕ್ಯಾಲ್ಸಿಯಂ ಬೇಕೇ ಬೇಕು. ಆಗ ಪ್ಯಾರಾಥೈರಾಯ್ಡ್ ಗ್ರಂಥಿ ಮೂಳೆಯಿಂದ ತೆಗೆದು ಕೊಡೋಕೆ ಶುರುಮಾಡುತ್ತೆ. ತಿಂಗಳ ಖರ್ಚಿಗೆ ಎಫ್‌ಡಿ ಮುರಿದ ಹಾಗೆ. ಹೊರಗಿನಿಂದ ಸಂಸಾರ ಸರಿಯಾಗೇ ಕಾಣುತ್ತೆ, ರಕ್ತ ಪರೀಕ್ಷೆಯಲ್ಲೂ ಎಷ್ಟೋ ಸಲ ಅಂಕಿ ಸರಿಯಾಗೇ ಇರುತ್ತೆ. ಖಾಲಿಯಾದ ಮೂಳೆಯ ಸುತ್ತ ದೇಹ ನಾರಿನ ಅಂಗಾಂಶ ಕಟ್ಟುತ್ತೆ. ಆ ದಪ್ಪ ತೊಡೆ, ಉಬ್ಬಿದ ದವಡೆ ಅದೇ. ಎಫ್‌ಡಿ ಪೂರ್ತಿ ಮುಗಿದ ದಿನ ನಡುಕ ಬರುತ್ತೆ, ಆಮೇಲೆ ಫಿಟ್ಸ್.

ನನಗೆ ಹೊಟ್ಟೆ ಉರಿದದ್ದು ಎಲ್ಲಿ ಅಂದರೆ, ಬದಲಾಪುರ ಇರೋದು ಸುಮಾರು 19 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೆಕ್ಸಿಕೋದ ವೆರಾಕ್ರೂಜ್ ಕೂಡ ಅಷ್ಟೇ, ಅದು ಇಗ್ವಾನಾಗಳ ತವರು. ಅದೇ ಅಕ್ಷಾಂಶದ ಸೂರ್ಯ, ಹೆಚ್ಚುಕಮ್ಮಿ ಅದೇ ಸೆಕೆ. ಮಧ್ಯೆ ಇರೋದು ಕಿಟಕಿಯ ಗಾಜು ಮಾತ್ರ. ಸಾಮಾನ್ಯ ಗಾಜು ಬೆಳಕನ್ನ ಬಿಡುತ್ತೆ, ಶಾಖವನ್ನೂ ಬಿಡುತ್ತೆ, ಯುವಿಬಿಯನ್ನ ಬಹುತೇಕ ಪೂರ್ತಿ ತಡೆಯುತ್ತೆ. ಗಾಜಿನ ಹಿಂದೆ ಎಷ್ಟು ಬಿಸಿಲು ಕಾಯಿಸಿಕೊಂಡರೂ ಆ ಪ್ರಾಣಿಗೆ ಅದು ಬರೀ ಬೆಳಕು. ಹಾಗಂತ ಗಾಜಿನ ಪೆಟ್ಟಿಗೆಯನ್ನೇ ಬಿಸಿಲಿಗೆ ಇಟ್ಟರೆ ಇನ್ನೂ ಕೆಟ್ಟದ್ದು, ಸ್ವಲ್ಪ ಹೊತ್ತಿಗೇ ಒಳಗಿದ್ದದ್ದು ಬೆಂದುಹೋಗುತ್ತೆ. ತಂತಿ ಜಾಲರಿಯ ಪಂಜರ, ಅರ್ಧ ನೆರಳು, ಪಕ್ಕದಲ್ಲಿ ಮನುಷ್ಯ. ಬಾಲ್ಕನಿಯ ಬಿಸಿಲಿಗೆ ಬೇಕಾದದ್ದು ಇಷ್ಟು.

ಮಳೆಗಾಲದ ನಾಲ್ಕು ತಿಂಗಳು ನಮ್ಮ ಕಡೆ ಆ ಬಿಸಿಲೂ ಇಲ್ಲ. ಆಗ ಸರೀಸೃಪಗಳಿಗೆಂದೇ ಬರುವ ಯುವಿಬಿ ಟ್ಯೂಬು ಬೇಕು. ಇದರಲ್ಲೊಂದು ಮೋಸ ಇದೆ, ಸರ್ವರ್ ನೋಡಿಕೊಳ್ಳೋರಿಗೆ ಬೇಗ ಅರ್ಥವಾಗುತ್ತೆ. ಟ್ಯೂಬು ವರ್ಷಗಟ್ಟಲೆ ಉರಿಯುತ್ತೆ, ಆದರೆ ಅದರ ಯುವಿಬಿ ಆರು ತಿಂಗಳಿಂದ ಒಂದು ವರ್ಷದೊಳಗೆ ಇಳಿದುಹೋಗಿರುತ್ತೆ. ಹೆಲ್ತ್ ಚೆಕ್ ಹಸಿರು, ಸರ್ವಿಸ್ ಡೌನ್. ಹಾಕಿದ ದಿನಾಂಕವನ್ನ ಟೇಪಿನ ಮೇಲೆ ಬರೆದು ಪಕ್ಕದಲ್ಲೇ ಅಂಟಿಸೋದು ಒಳ್ಳೇದು.

ಇಲ್ಲೊಂದು ಮಾತು. ನಮ್ಮ ಟೀಮಿನಲ್ಲಿ ವಿಟಮಿನ್ ಡಿ ಕಮ್ಮಿ ಅಂತ ವಾರಕ್ಕೊಂದು 60,000 ಯೂನಿಟ್ಟಿನ ಸ್ಯಾಷೆ ಹಾಲಿಗೆ ಹಾಕಿಕೊಂಡು ಕುಡಿಯದವರು ಕಮ್ಮಿ. ಬೆಳಗ್ಗೆ ಕತ್ತಲಲ್ಲಿ ಲೋಕಲ್, ದಿನವಿಡೀ ಗಾಜಿನ ಕಟ್ಟಡ, ರಾತ್ರಿ ಮತ್ತೆ ಲೋಕಲ್. ಮುಕ್ಕಣ್ಣನ ಕಥೆಯೂ ನಮ್ಮದೇ. ಆದರೆ ದಯವಿಟ್ಟು ಆ ಸ್ಯಾಷೆಯ ಹತ್ತಿರ ಪ್ರಾಣಿಯನ್ನ ಬಿಡಬೇಡಿ. ಡಿ3 ಅತಿಯಾದರೆ ಕ್ಯಾಲ್ಸಿಯಂ ಮೂಳೆ ಬಿಟ್ಟು ರಕ್ತನಾಳ, ಮೂತ್ರಪಿಂಡಗಳಲ್ಲಿ ಕೂರುತ್ತೆ. ಯಾವ ಔಷಧ, ಎಷ್ಟು, ಎಷ್ಟು ದಿನ ಅನ್ನೋದು ತೂಕ ನೋಡಿ ವೈದ್ಯರು ಹೇಳಬೇಕಾದದ್ದು. ನಮ್ಮಲ್ಲಿ ಮೊದಲು ಕ್ಯಾಲ್ಸಿಯಂ ಇಂಜೆಕ್ಷನ್, ನಡುಕ ನಿಂತ ಮೇಲೆ ಬಾಯಿಗೆ ಸಿರಪ್.

ಮನೆಯವರ ಕೆಲಸ ಔಷಧಕ್ಕಿಂತ ಹೆಚ್ಚು ಶಾಖದ್ದು. ನಮಗೆ ಸೋಂಕಾದರೆ ಜ್ವರ ತಾನಾಗಿ ಬರುತ್ತೆ. ಹಲ್ಲಿಗೆ ಹಾಗಲ್ಲ, ಅದು ನಡೆದುಹೋಗಿ ಜ್ವರ ತಂದುಕೊಳ್ಳಬೇಕು. 1970ರ ದಶಕದಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಮ್ಯಾಥ್ಯೂ ಕ್ಲೂಗರ್ ಮತ್ತು ಜೊತೆಗಾರರು ಮರುಭೂಮಿ ಇಗ್ವಾನಾಗಳಿಗೆ ಬ್ಯಾಕ್ಟೀರಿಯಾ ಚುಚ್ಚಿ ನೋಡಿದರು. ಕಾಯಿಲೆ ಬಿದ್ದವು ಎಂದಿಗಿಂತ ಬಿಸಿಯಾದ ಜಾಗ ಹುಡುಕಿಕೊಂಡು ಹೋದವು. 1975ರ ಪ್ರಯೋಗದಲ್ಲಿ ಬಿಸಿಯಲ್ಲಿ ಇಟ್ಟವು ಹೆಚ್ಚು ಬದುಕಿದವು, ತಂಪಿನಲ್ಲಿ ಇಟ್ಟವು ಹೆಚ್ಚು ಸತ್ತವು. ಮುಕ್ಕಣ್ಣನದು ಸೋಂಕಲ್ಲ ನಿಜ, ಆದರೆ ಡಿ3 ಆಗೋಕೂ ಸೊಪ್ಪು ಜೀರ್ಣವಾಗೋಕೂ ಅದೇ ಶಾಖ ಬೇಕು. ಕೊಂಬೆ ಹತ್ತಲಾರದ ಹಲ್ಲಿ ದೀಪದ ಹತ್ತಿರ ಹೇಗೆ ಹೋಗಬೇಕು? ಕೊಂಬೆಗಳನ್ನೆಲ್ಲ ತೆಗೆದು, ನೆಲದ ಮಟ್ಟದಲ್ಲೇ ಒಂದು ತುದಿ 35ರಿಂದ 38 ಡಿಗ್ರಿ ಸೆಲ್ಸಿಯಸ್, ಇನ್ನೊಂದು ತುದಿ 27ರ ಆಸುಪಾಸು ಇರುವ ಹಾಗೆ ಮಾಡಿದೆವು. ಬೇಕಾದಾಗ ತಾನೇ ಸರಿಯಲಿ ಅಂತ. ಕರೆಂಟ್ ಹೋದ ರಾತ್ರಿ ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿ. ಒಂದು ಕ್ರಮ ಮರೀಬೇಡಿ: ಮೊದಲು ಬೆಚ್ಚಗೆ, ಆಮೇಲೆ ನೀರು, ಕೊನೆಗೆ ಊಟ. ತಣ್ಣಗಿರೋ ಹಲ್ಲಿಗೆ ಬಲವಂತದಿಂದ ತಿನ್ನಿಸಿದರೆ ಅದು ಹೊಟ್ಟೆಯಲ್ಲೇ ಕೊಳೆಯುತ್ತೆ. ದವಡೆಯನ್ನಂತೂ ಎಳೆದು ಬಿಡಿಸಬಾರದು, ಮುರಿಯುತ್ತೆ. ಎತ್ತುವಾಗ ಅಂಗೈ ಎದೆ ಹೊಟ್ಟೆಯ ಕೆಳಗೆ ಇರಬೇಕು, ಕಾಲು ಜೋತಾಡಬಾರದು.

ಊಟದ ವಿಷಯದಲ್ಲಿ ನಮ್ಮವರಿಗೆ ಅನುಕೂಲ ಇದೆ. ಇಗ್ವಾನಾ ಪೂರ್ತಿ ಸೊಪ್ಪು ತಿನ್ನೋ ಪ್ರಾಣಿ; ಮೊಟ್ಟೆ, ನಾಯಿ ಬಿಸ್ಕತ್ತು ಕೊಟ್ಟರೆ ಮೂತ್ರಪಿಂಡ ಕೆಡುತ್ತೆ. ಊಟದಲ್ಲಿ ರಂಜಕದ ಎರಡರಷ್ಟು ಕ್ಯಾಲ್ಸಿಯಂ ಇದ್ದರೆ ಒಳ್ಳೇದು. ಪಾಲಕ್, ರಾಜಗಿರಿ ಸೊಪ್ಪಿನಲ್ಲಿ ಕ್ಯಾಲ್ಸಿಯಂ ಇದ್ದರೂ ಆಕ್ಸಲೇಟ್ ಅದನ್ನ ಕಟ್ಟಿಹಾಕುತ್ತೆ. ಆದರೆ ನುಗ್ಗೆ ಸೊಪ್ಪು? ಕ್ಯಾಲ್ಸಿಯಂ ಭರ್ಜರಿ. ಇಲ್ಲಿನ ಸೊಪ್ಪಿನ ಮೌಶಿಯ ಹತ್ತಿರ ಶೇವಗಾ ಪಾಲಾ ಅಂದರೆ ತಂದುಕೊಡ್ತಾರೆ. ಜೊತೆಗೆ ದಾಸವಾಳದ ಎಲೆ, ಹೂವು. ಮೇಲೆ ರಂಜಕ ಇಲ್ಲದ ಕ್ಯಾಲ್ಸಿಯಂ ಪುಡಿ ಉದುರಿಸೋದು. ಊರಿಂದ ಅವ್ವ ಫೋನಿನಲ್ಲಿ, "ಏನಪಾ, ಹಲ್ಲಿ ಸಾಕೀ ಅಂತಲ್ಲ? ಮೈಮ್ಯಾಲ ಬಿದ್ರ ಪಂಚಾಂಗ ನೋಡಬೇಕಾಗ್ತದ" ಅಂದಳು. ನುಗ್ಗೆ ಸೊಪ್ಪು ತಿಂತದ ಅಂದಮೇಲೆ ಸ್ವಲ್ಪ ಸಮಾಧಾನ ಆಯಿತು. ಹಾಗಾದರ ಛಲೋ ಮನಿತನದ್ದ ಅಂದಳು.

ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಲೇಬೇಕು, ಸರೀಸೃಪಗಳು ಸಾಲ್ಮೊನೆಲ್ಲಾ ಹೊತ್ತಿರಬಹುದು. ಸ್ನಾನದ ಟಬ್ಬು ಅಡುಗೆಮನೆ ಸಿಂಕಿನಲ್ಲಿ ತೊಳೆಯಬೇಡಿ. ಐದು ವರ್ಷದೊಳಗಿನ ಮಕ್ಕಳಿರೋ ಮನೆಯಲ್ಲಿ ಈ ಪ್ರಾಣಿ ಬೇಡ ಅನ್ನೋದೇ ನನ್ನ ಅಭಿಪ್ರಾಯ.

ಕಾನೂನು ಬೇಗ ಹೇಳಿಬಿಡ್ತೀನಿ. ಉಡ, ನಮ್ಮ ಗೋಸುಂಬೆ ಇವನ್ನ ಸಾಕೋದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಇಗ್ವಾನಾ ವಿದೇಶಿ, ಆದರೆ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಯಲ್ಲಿದೆ. ಹಾಗಾಗಿ 2024ರ ನಿಯಮಗಳ ಪ್ರಕಾರ ಪರಿವೇಶ್ ಪೋರ್ಟಲಿನಲ್ಲಿ ನೋಂದಾಯಿಸಬೇಕು. ಕೈಗೆ ಬಂದ 30 ದಿನದೊಳಗೆ. ಒಬ್ಬರಿಂದ ಒಬ್ಬರಿಗೆ ದಾಟಿಸಿದರೂ ತಿಳಿಸಬೇಕು. ವೈದ್ಯರ ವಿಷಯ: ಕಲ್ಯಾಣ, ಡೊಂಬಿವಲಿ ಕಡೆ ನಾಯಿ ಬೆಕ್ಕಿನ ಡಾಕ್ಟರುಗಳು ಬೇಕಾದಷ್ಟಿದ್ದಾರೆ, ಅವರೆಲ್ಲರೂ ಹಲ್ಲಿ ನೋಡಲ್ಲ. ಪರೇಲ್‌ನಲ್ಲಿ ಬಾಯಿ ಸಕರ್‌ಬಾಯಿ ದಿನ್‌ಶಾ ಪೆಟಿಟ್ ಪ್ರಾಣಿ ಆಸ್ಪತ್ರೆ 19ನೇ ಶತಮಾನದಿಂದ ಇದೆ, 1886ರ ಬಾಂಬೆ ಪಶುವೈದ್ಯ ಕಾಲೇಜೂ ಅಲ್ಲೇ. ಎಲ್ಲಿಗೇ ಹೋಗಿ, ಸರೀಸೃಪ ನೋಡುವವರು ಇವತ್ತು ಇದ್ದಾರಾ ಅಂತ ಫೋನು ಮಾಡಿ ಕೇಳಿಕೊಂಡೇ ಹೊರಡಿ. ಬದಲಾಪುರದಿಂದ ಪರೇಲ್ ಸುಮಾರು 60 ಕಿಲೋಮೀಟರ್.

ಈಗ ಸಲುಗೆಯ ಮಾತು. ಮುಕ್ಕಣ್ಣ ಅಂತ ಹೆಸರಿಟ್ಟದ್ದು ತಮಾಷೆಗಲ್ಲ. ಇಗ್ವಾನಾದ ನೆತ್ತಿಯ ಮೇಲೆ ನಿಜವಾಗಲೂ ಮೂರನೇ ಕಣ್ಣಿದೆ. ಚಿತ್ರ ಕಾಣಿಸಲ್ಲ, ಬೆಳಕು ನೆರಳು ತಿಳಿಯುತ್ತೆ. ಮೇಲಿನಿಂದ ನೆರಳು ಬಿತ್ತು ಅಂದರೆ ಅದರ ಲೆಕ್ಕದಲ್ಲಿ ಹದ್ದು. ಹಾಗಾಗಿ ಕೈ ಯಾವತ್ತೂ ಪಕ್ಕದಿಂದ, ನೆಲದ ಮಟ್ಟದಿಂದ ಬರಬೇಕು. ಮೇಲ್ನೋಟಕ್ಕೆ ಸುಮ್ಮನಿದೆ ಅಂದರೆ ಒಳಗೂ ಸುಮ್ಮನಿದೆ ಅಂತಲ್ಲ. ಕೆನಡಾದ ಮಿಷೆಲ್ ಕಬನಾಕ್ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎಷ್ಟು ಮೃದುವಾಗಿ ಹಿಡಿದುಕೊಂಡರೂ ಇಗ್ವಾನಾದ ಎದೆಬಡಿತ ಏರಿತ್ತು. ಕಣ್ಣು ಮುಚ್ಚಿಕೊಳ್ಳೋದು ಎಷ್ಟೋ ಸಲ "ನೀನು ಇಲ್ಲಿಲ್ಲ ಅಂದುಕೊಳ್ತೀನಿ" ಅನ್ನೋ ಥರ. ಅದೇ ಕಬನಾಕ್ ತಂಡದ 1998ರ ಇನ್ನೊಂದು ಪ್ರಯೋಗ ನನಗೆ ಹೆಚ್ಚು ಇಷ್ಟ. ಬೆಚ್ಚನೆಯ ಮೂಲೆಯಲ್ಲಿ ಸಪ್ಪೆ ಊಟ, ತಣ್ಣನೆಯ ಮೂಲೆಯಲ್ಲಿ ರುಚಿಯಾದ ಲೆಟ್ಯೂಸ್. ಮರಿ ಇಗ್ವಾನಾಗಳು ಚಳಿ ತಡೆದುಕೊಂಡು ಲೆಟ್ಯೂಸ್‌ಗೆ ಹೋದವು, ಚಳಿ ತೀರಾ ಹೆಚ್ಚಾದಾಗ ಬಿಟ್ಟವು. ಅಂದರೆ ಅದಕ್ಕೆ ಇಷ್ಟ ಇದೆ, ಕಷ್ಟ ಇದೆ, ಎರಡನ್ನೂ ತೂಗಿ ನೋಡೋ ಬುದ್ಧಿ ಇದೆ.

ಇಪ್ಪತ್ತಮೂರನೇ ದಿನ ಮುಕ್ಕಣ್ಣ ಕೆಂಪು ದಾಸವಾಳ ತಾನಾಗಿ ಕಚ್ಚಿದ. ಆವತ್ತು ನನ್ನ ಹೆಂಡತಿ ಮೀಟಿಂಗಿನ ಮಧ್ಯೆ ಮ್ಯೂಟ್ ಹಾಕಿ ಕೂಗಿದಳು. ಆದರೆ ನನಗೆ ಧೈರ್ಯ ಬಂದದ್ದು ಅದಕ್ಕಲ್ಲ. ಎರಡು ತಿಂಗಳು ದಾಟಿದ ಮೇಲೆ, ಎಂದಿನ ಹಾಗೆ ಎತ್ತೋಕೆ ಹೋದೆ. ಮೈ ಉಬ್ಬಿಸಿ, ಗಂಟಲ ಚೀಲ ಇಳಿಬಿಟ್ಟು, ಬಾಲದಿಂದ ಮುಂಗೈಗೆ ಒಂದು ಬಾರಿಸಿದ. ಬಾಸುಂಡೆ ಬಂತು. ವೈದ್ಯರಿಗೆ ಫೋಟೋ ಕಳಿಸಿದರೆ, "ಅಭಿನಂದನೆ, ಮೂಳೆ ಬಂದಿದೆ" ಅಂತ ಉತ್ತರ. ಅಷ್ಟು ದಿನ ತೊಡೆ ಮೇಲೆ ಮಲಗುತ್ತಿದ್ದದ್ದು ಸಲುಗೆಯಿಂದಲ್ಲ, ಓಡಿಹೋಗೋ ಶಕ್ತಿ ಇಲ್ಲದ್ದಕ್ಕೆ. ಆ ಸಾಧು ಮುಕ್ಕಣ್ಣ ಈಗಿಲ್ಲ. ಈಗಿರೋನು ಎತ್ತಿಸಿಕೊಳ್ಳಲ್ಲ. ಆದರೆ ನಾನು ನೆಲದ ಮೇಲೆ ಹೂವು ಹಿಡಿದು ಕೂತರೆ, ಬೆಚ್ಚನೆಯ ದೀಪ ಬಿಟ್ಟು ರೂಮಿನ ಈ ತುದಿಗೆ ನಡೆದು ಬರ್ತಾನೆ. ತಿಂದ ಮೇಲೂ ಒಂದೆರಡು ನಿಮಿಷ ಅಲ್ಲೇ ಇರ್ತಾನೆ. ಹೂವಿಗೋ ನನಗೋ ಅಂತ ನಾನು ವಿಚಾರಿಸೋಕೆ ಹೋಗಿಲ್ಲ.

ದವಡೆ ಗಟ್ಟಿಯಾಗಿದೆ, ಆದರೆ ಸ್ವಲ್ಪ ಸೊಟ್ಟ. ಬಾಗಿದ ಮೂಳೆ ಬಾಗಿದ ಹಾಗೇ ಗಟ್ಟಿಯಾಗುತ್ತೆ. ಹಾಗಾಗಿ ಎಲೆಯನ್ನ ಎಡಗಡೆಯಿಂದಲೇ ಕಚ್ಚೋದು. ಚೆನ್ನಾಗಿ ನೋಡಿಕೊಂಡರೆ ಇಗ್ವಾನಾ 15ರಿಂದ 20 ವರ್ಷ ಬದುಕುತ್ತೆ, ಬಾಲ ಸೇರಿ ಒಂದೂವರೆ ಮೀಟರ್ ಬೆಳೆಯುತ್ತೆ. ಆನ್‌ಸೈಟ್ ಆಫರ್ ಬಂದರೆ ಏನು ಮಾಡ್ತೀಯಾ ಅಂತ ಗೆಳೆಯರು ಕೇಳ್ತಾರೆ. ಸದ್ಯಕ್ಕೆ ಬಾಲ್ಕನಿಯ ಗಾಜಿನ ಬಾಗಿಲು ತೆಗೆಸಿ ಜಾಲರಿ ಹಾಕಿಸಿದ್ದೀವಿ, ಸೊಸೈಟಿಯವರ ಅನುಮತಿ ಪಡೆದೇ.